ಕಣ್ಣೀರು ತರಿಸದ ಈರುಳ್ಳಿ

ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರೂರಬೇಕು, ಬೆರಳಿಗೆ ವಾಸನೆ ಹತ್ತಬೇಕು. ಎರಡೂ ಆಗದೆ ಕೈಯೆಲ್ಲ ಲೋಳೆಯಾಗಿ, ಸ್ವಲ್ಪ ಹೊತ್ತಿಗೆ ನವೆ ಶುರುವಾಯಿತೆಂದರೆ ಈಳಿಗೆಮಣೆಯ ಮುಂದಿರುವುದು ಈರುಳ್ಳಿಯಲ್ಲ. ನೋಡಲು ಮಾತ್ರ ಅದೇ ಆಕಾರ, ಅದೇ ಪದರ, ಮೇಲೆ ಅದೇ ಒಣ ಸಿಪ್ಪೆ. ಹಳೇ ಮದ್ರಾಸ್ ರಸ್ತೆ ಹಿಡಿದು ಹಲಸೂರು, ಇಂದಿರಾನಗರ, ಕೆ.ಆರ್.ಪುರ ದಾಟಿ, ಹೊಸಕೋಟೆಯಾಚೆ ಕೋಲಾರದ ಕಡೆ ಸಾಗಿದರೆ ಕಲ್ಲುಗುಡ್ಡಗಳು ಎದುರಾಗುತ್ತವಲ್ಲ, ಅಂಥ ಗುಡ್ಡಗಳ ಮಗ್ಗುಲಿನ ಕುರುಚಲು ಕಾಡು, ಗರಸು ಮಣ್ಣು ಇದರ ಮನೆ. ನಮ್ಮವರು ಕಾಡೀರುಳ್ಳಿ ಎಂದರು. ತಮಿಳರೂ ತೆಲುಗರೂ ಇದನ್ನು ನರಿಯ ಪಾಲಿಗೆ ಬಿಟ್ಟರು: ನರಿ ವೆಂಗಾಯಂ, ನಕ್ಕ ಉಲ್ಲಿಗಡ್ಡ. ಈಗಿನ ಸಸ್ಯಶಾಸ್ತ್ರದ ಪುಸ್ತಕದಲ್ಲಿ ಡ್ರಿಮಿಯಾ ಇಂಡಿಕಾ. ಪುಸ್ತಕ ಹಳೆಯದಾದರೆ ಅರ್ಜೀನಿಯಾ ಇಂಡಿಕಾ.

ಕಾಡು ಈರುಳ್ಳಿಗಳಲ್ಲಿ ಔಷಧಗುಣ ಇದೆಯಂತೆ, ಹೌದಾ ಎಂದು ಕೇಳುವವರು ಈಗ ಹೆಚ್ಚಾಗಿದ್ದಾರೆ. ಇದೆ. ಅದೂ ಗಂಟಲು ಕೆರೆತಕ್ಕೆ ಕುಡಿಯುವ ಕಷಾಯದ ಮಟ್ಟದ್ದಲ್ಲ. ನೇರವಾಗಿ ಹೃದಯದ ಮೇಲೆ ಕೈಯಿಡುವಂಥದ್ದು. ತೊಡಕಿರುವುದು ಇಷ್ಟೇ: ಈ ಗೆಡ್ಡೆಯಲ್ಲಿ ಮದ್ದು ಬೇರೆ, ವಿಷ ಬೇರೆ ಎಂದು ಎರಡಿಲ್ಲ. ಇರುವುದು ಒಂದೇ ವಸ್ತು, ಪ್ರಮಾಣ ಮಾತ್ರ ಬೇರೆ. ಹಿಂದಿನ ಕಾಲದ ಹಕೀಮರಿಗೂ ವೈದ್ಯರಿಗೂ ಇದು ಗೊತ್ತಿತ್ತು. ಮೊಬೈಲ್ ವಿಡಿಯೊ ನೋಡಿ ಗೆಡ್ಡೆ ಅಗೆಯಲು ಹೊರಟವರಿಗೆ ಗೊತ್ತಿದ್ದಂತಿಲ್ಲ.

ಶಿವಾಜಿನಗರದಲ್ಲಿ ಇದರ ಹೆಸರು ಮತ್ತೆ ಬೇರೆ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ ಹೂವು, ಹಣ್ಣು, ಮೀನು, ಮಾಂಸದ ಗದ್ದಲದ ನಡುವೆ ಬೇರು ನಾರು ಮಾರುವ ಅಂಗಡಿಗಳೂ ಇವೆ. ಪೇಟೆಯ ಕಡೆ ನಾವು ಗ್ರಂಥಿಗೆ ಅಂಗಡಿ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ ಸರಕು. ದಂಡಿನ, ಅಂದರೆ ಕಂಟೋನ್ಮೆಂಟಿನ, ಈ ಭಾಗದಲ್ಲಿ ಹೆಸರುಗಳು ಮಾತ್ರ ಅರಬ್ಬಿ, ಫಾರಸಿ. ಯುನಾನಿ ಹಕೀಮರ ಪುಸ್ತಕಗಳಲ್ಲಿ ಕಾಡೀರುಳ್ಳಿ ‘ಉನ್ಸುಲ್’ ಅಥವಾ ‘ಇಸ್ಕೀಲ್’, ಆಡುಮಾತಿಗೆ ಬಂದರೆ ಜಂಗ್ಲಿ ಪ್ಯಾಜ್. ಅದನ್ನು ಸಿರ್ಕಾದಲ್ಲಿ, ಅಂದರೆ ವಿನಿಗರಿನಲ್ಲಿ, ನೆನೆಸಿಟ್ಟರೆ ಸಿರ್ಕಾ ಉನ್ಸುಲ್. ಆ ಸಿರ್ಕಾಕ್ಕೆ ಜೇನುತುಪ್ಪವನ್ನೋ ಸಕ್ಕರೆಯನ್ನೋ ಹಾಕಿ ಪಾಕ ಬರಿಸಿದರೆ ಸಿಕಂಜಬೀನ್ ಉನ್ಸುಲಿ. ನೆಕ್ಕುವ ಹದಕ್ಕೆ ಗಟ್ಟಿ ಮಾಡಿದರೆ ಲಊಕ್. ಉಬ್ಬಸ, ಬಿಡದ ಕೆಮ್ಮು, ಎದೆಯಲ್ಲಿ ಕಟ್ಟಿದ ಕಫ, ಮೈಯಲ್ಲಿ ನೀರು ತುಂಬಿ ಬಾವು ಬರುವ ಕಾಯಿಲೆ, ಇವು ಇದರ ಬಳಕೆಯ ಕ್ಷೇತ್ರ. ಆಯುರ್ವೇದದಲ್ಲಿ ಇದನ್ನೇ ಕೋಲಕಂದ, ವನಪಲಾಂಡು ಎಂದು ಗುರುತಿಸುತ್ತಾರೆ.

ಗಮನಿಸಬೇಕಾದದ್ದು ಕಾಯಿಲೆಯ ಪಟ್ಟಿಯನ್ನಲ್ಲ, ತಯಾರಿಕೆಯನ್ನು. ಹಸಿ ಗೆಡ್ಡೆಯನ್ನು ಹಾಗೇ ಒಳಗೆ ಕೊಡುವ ಮಾತು ಯುನಾನಿಯಲ್ಲಿ ಇಲ್ಲ. ಮೇಲಿನ ಒಣ ಸಿಪ್ಪೆ ತೆಗೆದು, ನಡುವಿನ ಪದರಗಳನ್ನಷ್ಟೇ ಉಳಿಸಿ, ಇಡೀ ಗೆಡ್ಡೆಗೆ ಗೋಧಿ ಹಿಟ್ಟಿನ ಕಣಕವನ್ನೋ ಜೇಡಿಮಣ್ಣನ್ನೋ ಮೆತ್ತಿ ಬೆಂಕಿಗೆ ಇಡುತ್ತಾರೆ. ಮೇಲಿನ ಕಣಕ ಕೆಂಪಗೆ ಬೆಂದ ಮೇಲೆ ಒಡೆದು ಒಳಗಿನದನ್ನು ತೆಗೆಯುವುದು. ಹೀಗೆ ಸುಟ್ಟದ್ದಕ್ಕೆ ‘ಮುಷವ್ವಾ’ ಎಂಬ ವಿಶೇಷಣ ಅಂಟುತ್ತದೆ. ಹೋಳು ಮಾಡುವಾಗ ಕಬ್ಬಿಣದ ಚಾಕು ಮುಟ್ಟಿಸಬಾರದು, ಮರದ ಅಥವಾ ಬಿದಿರಿನ ಅಲಗಿನಿಂದಲೇ ಕೊಯ್ಯಬೇಕು ಎಂಬ ಕಟ್ಟಳೆಯೂ ಉಂಟು. ಕಬ್ಬಿಣದ ವಿಷಯ ಬಿಡಿ, ಅದಕ್ಕೆ ಕಾರಣ ಹೊಳೆಯುವುದಿಲ್ಲ. ಬೆಂಕಿಯ ವಿಷಯ ಹಾಗಲ್ಲ. ಹಸಿಯಾಗಿದ್ದಾಗ ನಾಲಿಗೆ, ಗಂಟಲು ಕೆರೆಯುವಂತೆ ಮಾಡುವ ತೀಕ್ಷ್ಣತೆ ಸುಟ್ಟಾಗ ತಗ್ಗುತ್ತದೆ.

ಈ ಕಣಕದ ಉಪಾಯ ಎಷ್ಟು ಹಳೆಯದು ಎಂದು ಹುಡುಕಿಕೊಂಡು ಹೋದರೆ ದಾರಿ ರೋಮ್ ಸಾಮ್ರಾಜ್ಯಕ್ಕೆ ಮುಟ್ಟುತ್ತದೆ. ಕ್ರಿ.ಶ. ಒಂದನೇ ಶತಮಾನದಲ್ಲಿ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಬರೆದ ಔಷಧಗ್ರಂಥದಲ್ಲಿ ಇದೇ ವಿಧಾನ ಇದೆ: ಹಿಟ್ಟು ಅಥವಾ ಮಣ್ಣು ಮೆತ್ತಿ ಒಲೆಯಲ್ಲಿ ಬೇಯಿಸು. ಆತ ಹೇಳುತ್ತಿದ್ದುದು ಮೆಡಿಟರೇನಿಯನ್ ಸಮುದ್ರದ ದಂಡೆಯಲ್ಲಿ ಬೆಳೆಯುವ ಇದರ ಸೋದರಸಂಬಂಧಿಯ ಬಗ್ಗೆ. ಅದು ಡ್ರಿಮಿಯಾ ಮ್ಯಾರಿಟಿಮಾ, ಇಂಗ್ಲಿಷರ ಬಾಯಲ್ಲಿ ಸ್ಕ್ವಿಲ್. ಯುನಾನಿ ಎಂದರೇ ಯವನರದ್ದು, ಗ್ರೀಕರದ್ದು ತಾನೇ. ಗ್ರೀಕಿನಿಂದ ಅರಬ್ಬಿಗೆ, ಅರಬ್ಬಿಯಿಂದ ಫಾರಸಿಗೆ, ಅಲ್ಲಿಂದ ದಖ್ಖನಿಗೆ ಇಳಿದು ಬಂದ ಪಾಠ ಅದು. ಗೆಡ್ಡೆ ಮಾತ್ರ ಇಲ್ಲಿನದು. ಸಮುದ್ರದಾಚೆಯ ಸ್ಕ್ವಿಲ್ಲಿಗೆ ಬದಲಾಗಿ ದಖ್ಖನಿನ ಗುಡ್ಡದ ಗೆಡ್ಡೆ ಅದೇ ಕೆಲಸಕ್ಕೆ ನಿಂತಿತು. ಬೆಂಗಳೂರಿನಲ್ಲಿ ಈ ಪಾಠ ಇವತ್ತಿಗೂ ನಡೆಯುತ್ತಿದೆ. ಶಿವಾಜಿನಗರಕ್ಕೆ ತೀರ ದೂರ, ಊರಿನ ಇನ್ನೊಂದು ತುದಿಯಲ್ಲಿ, ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಮೂಲಿಕೆಗಳನ್ನು ಓದುವ ಇಲ್ಮುಲ್ ಅದ್ವಿಯಾ ಅಲ್ಲಿ ಸ್ನಾತಕೋತ್ತರ ವಿಷಯ.

ಇನ್ನೊಂದು ಸ್ವಾರಸ್ಯ. ಪೈಥಾಗೊರಸ್ ಎಂದರೆ ನಮಗೆ ಲಂಬಕೋನ ತ್ರಿಭುಜ ಮಾತ್ರ ನೆನಪಾಗುತ್ತದೆ. ಆತ ಈ ಗೆಡ್ಡೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದನೆಂದೂ, ಇದನ್ನು ಬಾಗಿಲಿಗೆ ನೇತುಹಾಕಿದರೆ ಕೇಡು ಒಳಗೆ ಬಾರದೆಂದು ನಂಬಿದ್ದನೆಂದೂ ರೋಮಿನ ಪ್ಲಿನಿ ಬರೆದಿಟ್ಟಿದ್ದಾನೆ. ಗ್ರೀಸಿನಲ್ಲಿ ಈಗಲೂ ಹೊಸ ವರ್ಷಕ್ಕೆ ಈ ಗೆಡ್ಡೆಯನ್ನು ಬಾಗಿಲಿಗೆ ಕಟ್ಟುವ ಪದ್ಧತಿ ಉಳಿದಿದೆ. ಮಣ್ಣಿಲ್ಲದೆ, ನೀರಿಲ್ಲದೆ, ನೇತಾಡುತ್ತಲೇ ಚಿಗುರುತ್ತದೆ ಎಂಬುದೇ ಅದರ ಮಹಿಮೆ. ಹಲಸೂರಿನ ಅಂಗಡಿ ಬಾಗಿಲುಗಳಲ್ಲಿ ತಲೆಕೆಳಗಾಗಿ ತೂಗುವ ಲೋಳೆಸರ ನೋಡಿದವರಿಗೆ, ರಸ್ತೆ ಬದಿಯಲ್ಲಿ ಆಕಾಶಗರುಡ ಗೆಡ್ಡೆ ಕೊಂಡು ಹೊಸಿಲ ಮೇಲೆ ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ತರ್ಕ: ಗಾಳಿಯಲ್ಲೇ ಬದುಕುವ ಗೆಡ್ಡೆಗೆ ದೃಷ್ಟಿ ತಡೆಯುವ ಶಕ್ತಿಯೂ ಇರಬೇಕು.

1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಪಕ್ಕದಲ್ಲಿ ಬೀಡುಬಿಟ್ಟಾಗ ಅವರ ಡಾಕ್ಟರರ ಪೆಟ್ಟಿಗೆಯಲ್ಲಿ ಬಂದದ್ದೂ ಇದೇ ವಂಶದ ಔಷಧ. ಸ್ಕ್ವಿಲ್ ಸಿರಪ್, ಸ್ಕ್ವಿಲ್ ಟಿಂಕ್ಚರ್, ಜೇನುತುಪ್ಪ ಮತ್ತು ವಿನಿಗರ್ ಬೆರೆತ ಆಕ್ಸಿಮೆಲ್, ಎಲ್ಲವೂ ಆಗಿನ ಇಂಗ್ಲಿಷ್ ವೈದ್ಯದಲ್ಲಿ ದಿನಬಳಕೆಯ ಸಾಮಾನು. ಆಕ್ಸಿಮೆಲ್ಲೂ ಹಕೀಮರ ಸಿಕಂಜಬೀನೂ ಒಂದೇ ತಾಯಿಯ ಮಕ್ಕಳು. ಒಂದು ಯುರೋಪನ್ನು ಸುತ್ತಿ, ಇನ್ನೊಂದು ಬಾಗ್ದಾದ್ ಹಾದು ಬಂದು ಬೆಂಗಳೂರಿನ ಒಂದೇ ಬಡಾವಣೆಯಲ್ಲಿ, ಪರಸ್ಪರ ಗುರುತು ಹತ್ತದೆ, ಮಾರಾಟವಾಗಿರಬೇಕು. ಮೆಡಿಟರೇನಿಯನ್ನಿನಲ್ಲಿ ಒಣಗಿಸಿದ ಹೋಳುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುವ ಖರ್ಚು ಯಾರನ್ನಾದರೂ ಯೋಚನೆಗೆ ಹಚ್ಚುವಂಥದ್ದೇ. ಎಡ್ವರ್ಡ್ ವೇರಿಂಗ್ ಸಂಪಾದಿಸಿದ 1868ರ ‘ಫಾರ್ಮಕೊಪಿಯಾ ಆಫ್ ಇಂಡಿಯಾ’ದಲ್ಲಿ ಇಲ್ಲಿನ ಕಾಡೀರುಳ್ಳಿಗೆ ಜಾಗ ಸಿಕ್ಕಿತು. ಬೌರಿಂಗ್ ಆಸ್ಪತ್ರೆ ತಲೆಯೆತ್ತಿದ ವರ್ಷವೂ ಅದೇ. 1900ರಲ್ಲಿ ಬ್ರಿಟಿಷ್ ಫಾರ್ಮಕೊಪಿಯಾಕ್ಕೆ ಭಾರತ ಮತ್ತು ವಸಾಹತುಗಳಿಗೆಂದು ಅನುಬಂಧ ಬಂದಾಗ, ಸ್ಕ್ವಿಲ್ಲಿಗೆ ಬದಲು ಅರ್ಜೀನಿಯಾ ಬಳಸಬಹುದೆಂದು ಅಧಿಕೃತ ಮುದ್ರೆ ಬಿತ್ತು. ಆಮೇಲೆ ಕಲ್ಕತ್ತೆಯ ಟ್ರಾಪಿಕಲ್ ಮೆಡಿಸಿನ್ ಶಾಲೆಯಲ್ಲಿ ರಾಮನಾಥ ಚೋಪ್ರಾ ನಾಡಮದ್ದುಗಳನ್ನು ಒಂದೊಂದಾಗಿ ಪ್ರಯೋಗಶಾಲೆಗೆ ಎಳೆದರು. 1933ರಲ್ಲಿ ಬಂದ ಅವರ ‘ಇಂಡಿಜಿನಸ್ ಡ್ರಗ್ಸ್ ಆಫ್ ಇಂಡಿಯಾ’ದಲ್ಲಿ ಕಾಡೀರುಳ್ಳಿಯೂ ಇದೆ. ಆಮದು ಔಷಧದ ಬದಲಿಗೆ ನಿಲ್ಲಬಲ್ಲ ದೇಶಿ ಸರಕು ಯಾವುದು ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು.

ಈಗ ಗೆಡ್ಡೆಯ ಒಳಗೆ ಹೋಗೋಣ. ನಮ್ಮ ಅಡುಗೆಮನೆಯ ಈರುಳ್ಳಿ, ಬೆಳ್ಳುಳ್ಳಿಗಳ ಕಾರುಬಾರೆಲ್ಲ ಗಂಧಕದ್ದು. ಜೀವಕೋಶದ ಒಂದು ಕೋಣೆಯಲ್ಲಿ ಗಂಧಕದ ಸಂಯುಕ್ತ, ಇನ್ನೊಂದರಲ್ಲಿ ಕಿಣ್ವ. ಚಾಕು ಬಿದ್ದು ಗೋಡೆ ಒಡೆದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಬೆಳ್ಳುಳ್ಳಿಯಲ್ಲಿ ಹಾಗೆ ಹುಟ್ಟುವ ಅಲಿಸಿನ್ ಅನ್ನು 1944ರಲ್ಲಿ ಅಮೆರಿಕದ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ತೋರಿಸಿದರು. ಈರುಳ್ಳಿಯ ಕಣ್ಣೀರಿಗೆ ಪ್ರತ್ಯೇಕ ಕಿಣ್ವವೇ ಇದೆಯೆಂದು ಜಪಾನಿನ ವಿಜ್ಞಾನಿಗಳು ಕಂಡುಕೊಂಡದ್ದು 2002ರಷ್ಟು ಈಚೆಗೆ. ಕಾಡೀರುಳ್ಳಿಯಲ್ಲಿ ಈ ಗಂಧಕದ ವ್ಯವಹಾರ ಇಲ್ಲವೇ ಇಲ್ಲ. ಹೆಸರಿಗೆ ಈರುಳ್ಳಿಯಾದರೂ ಕುಟುಂಬದಲ್ಲಿ ಅದು ಶತಾವರಿಗೆ, ರಸೆಲ್ ಮಾರುಕಟ್ಟೆಯ ಹೂವಿನ ಕಟ್ಟೆಯಲ್ಲಿ ರಾಶಿ ಬೀಳುವ ಸುಗಂಧರಾಜಕ್ಕೆ ಹತ್ತಿರ. ಅದರ ಲೋಳೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಚರ್ಮಕ್ಕೆ ಚುಚ್ಚಿ ನವೆ ಹುಟ್ಟಿಸುವುದು ಅವೇ. ಆ ಹರಳುಗಳ ಜೊತೆಗೆ ಇರುವುದು ಸಿಲ್ಲಾರೆನ್, ಪ್ರೊಸಿಲ್ಲರಿಡಿನ್ ಎಂಬ ಹೃದಯ ಗ್ಲೈಕೊಸೈಡುಗಳು. ಕಣಗಿಲೆಯಲ್ಲಿರುವ ವಿಷ ಗೊತ್ತಲ್ಲ, ಅದರ ದಾಯಾದಿಗಳು ಇವು.

ಹೃದಯದ ಪ್ರತಿ ಜೀವಕೋಶದ ಪೊರೆಯಲ್ಲೂ ಸೋಡಿಯಂ ಹೊರಕ್ಕೆ, ಪೊಟ್ಯಾಸಿಯಂ ಒಳಕ್ಕೆ ಸಾಗಿಸುವ ಪಂಪು ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಅದನ್ನು ಪತ್ತೆ ಮಾಡಿದ್ದು ಏಡಿಯ ಕಾಲಿನ ನರದಲ್ಲಿ. 1997ರಲ್ಲಿ ಅದಕ್ಕಾಗಿ ನೊಬೆಲ್ ಬಂತು. ಕಾಡೀರುಳ್ಳಿಯ ಗ್ಲೈಕೊಸೈಡು ಹೋಗಿ ಆ ಪಂಪಿಗೆ ಅಡ್ಡ ಕೂರುತ್ತದೆ. ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ಕ್ಯಾಲ್ಸಿಯಂ ಸೇರಿಕೊಳ್ಳುತ್ತದೆ, ಕ್ಯಾಲ್ಸಿಯಂ ಹೆಚ್ಚಿದಷ್ಟೂ ಹೃದಯದ ಸ್ನಾಯು ಬಿಗಿಯಾಗಿ ಹಿಂಡುತ್ತದೆ, ಬಡಿತ ನಿಧಾನವಾಗುತ್ತದೆ. ಸೋತ ಹೃದಯಕ್ಕೆ ಇದು ಊರುಗೋಲು. ರಕ್ತ ಸರಿಯಾಗಿ ಸಾಗಿ, ಮೂತ್ರಪಿಂಡಕ್ಕೆ ಹರಿವು ಹೆಚ್ಚಿ, ಕಾಲಿನ ಬಾವು ಮೂತ್ರವಾಗಿ ಇಳಿದುಹೋಗುತ್ತದೆ. ಹಕೀಮರು ಕಂಡಿದ್ದು ಕಲ್ಪನೆಯಾಗಿರಲಿಲ್ಲ. 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಫಾಕ್ಸ್‌ಗ್ಲೋವ್ ಗಿಡದ ಬಗ್ಗೆ ಬರೆದ ಹೊತ್ತಗೆಯಿಂದ ಇದೇ ಬಗೆಯ ಇನ್ನೊಂದು ಮದ್ದು ಮುನ್ನೆಲೆಗೆ ಬಂತು. ಅದರ ಸಂತಾನವೇ ಇವತ್ತಿಗೂ ಹೃದ್ರೋಗಿಗಳ ಚೀಟಿಯಲ್ಲಿ ಕಾಣುವ ಡಿಗಾಕ್ಸಿನ್ ಮಾತ್ರೆ. ಸ್ಕ್ವಿಲ್ ಹಿಂದೆ ಸರಿಯಿತು. ಆದರೂ ಜರ್ಮನಿಯಲ್ಲಿ ಪ್ರೊಸಿಲ್ಲರಿಡಿನ್ ಬಹುಕಾಲ ಹೃದಯದ ಮಾತ್ರೆಯಾಗಿ ಬಳಕೆಯಲ್ಲಿತ್ತು.

ಕಫದ ಕತೆಯೂ ಇದಕ್ಕೆ ಹೊಂದಿಕೊಂಡದ್ದೇ, ಆದರೆ ಅಷ್ಟು ಗಂಭೀರದ್ದಲ್ಲ. ಈ ಗೆಡ್ಡೆ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತದೆ. ವಾಂತಿಯಾಗುವ ಮಟ್ಟಕ್ಕೆ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಶ್ವಾಸನಾಳದಲ್ಲಿ ದ್ರವ ಒಸರಿ ಗಟ್ಟಿ ಕಫ ಸಡಿಲಾಗುತ್ತದೆ. ಇಂಗ್ಲೆಂಡಿನ ಹಳೆಯ ಕೆಮ್ಮಿನ ಔಷಧ ಜೀಸ್ ಲಿಂಕ್ಟಸ್‌ನಲ್ಲಿ ಸ್ಕ್ವಿಲ್ ಇರುವುದು ಇದಕ್ಕೇ, ಜೊತೆಯಲ್ಲಿ ಅಫೀಮಿನ ಅಂಶವೂ ಇದೆ. ಅಜ್ಜಂದಿರು ಆ ಸೀಸೆಯನ್ನು ಯಾಕಷ್ಟು ಪ್ರೀತಿಸುತ್ತಿದ್ದರೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಪ್ರಮಾಣದ ವಿಚಾರ. ಡಿಗಾಕ್ಸಿನ್ ನುಂಗುವವರ ಒಂದು ಮಿಲಿಲೀಟರ್ ರಕ್ತದಲ್ಲಿ ಅದು ಸುಮಾರು ಒಂದು ನ್ಯಾನೊಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ ಇದ್ದರೆ ಔಷಧ. ಎರಡು ದಾಟಿದರೆ ವಿಷದ ಲಕ್ಷಣ ಶುರು. ಕಾರ್ಖಾನೆಯಲ್ಲಿ ತೂಗಿ ಮಾಡಿದ ಮಾತ್ರೆಗೇ ಇಷ್ಟು ಕಟ್ಟುನಿಟ್ಟು. ಗುಡ್ಡದಲ್ಲಿ ಅಗೆದ ಗೆಡ್ಡೆಯಲ್ಲಿ ಎಷ್ಟಿದೆ ಎಂದು ಹೇಳುವವರು ಯಾರು? ಒಂದೇ ಬಗೆಯ ಗೆಡ್ಡೆ ಹೂ ಬಿಡುವ ಮುಂಚೆ ಒಂದು ಬಗೆ, ಎಲೆ ಬಂದ ಮೇಲೆ ಇನ್ನೊಂದು ಬಗೆ. ಮೇಲಾಗಿ ಕಾಡೀರುಳ್ಳಿ ಎಂದು ನಾವು ಒಂದೇ ಹೆಸರಲ್ಲಿ ಕರೆಯುವ ಗಿಡದಲ್ಲಿ ವರ್ಣತಂತುಗಳ ಸಂಖ್ಯೆಯೇ ಬೇರೆಬೇರೆ: ಕೆಲವದರಲ್ಲಿ 20, ಕೆಲವದರಲ್ಲಿ 30, ಮತ್ತೆ ಕೆಲವದರಲ್ಲಿ 40. ಜೊತೆಗೆ ಇನ್ನೊಂದು ಗೆಡ್ಡೆಯೂ ಇದೆ, ಲೆಡಿಬೂರಿಯಾ. ಎಲೆಯ ಮೇಲೆ ನೇರಳೆ ಮಚ್ಚೆ, ಮೊದಲ ಮಳೆಗೆ ಹುಲ್ಲಿನ ನಡುವೆ ತಲೆಯೆತ್ತುವ ಸಣ್ಣ ಗಿಡ. ಅಂಗಡಿಗೆ ಬರುವ ಸರಕಿನಲ್ಲಿ ಕಾಡೀರುಳ್ಳಿಯ ಬದಲು ಅದು ಬರುತ್ತಿತ್ತೆಂದು ಹತ್ತೊಂಬತ್ತನೇ ಶತಮಾನದ ಔಷಧಗ್ರಂಥಗಳಲ್ಲೇ ದಾಖಲಾಗಿದೆ. ಇಷ್ಟೆಲ್ಲ ಏರುಪೇರಿನ ನಡುವೆ ಒಂದು ಚಮಚ, ಅರ್ಧ ಚಮಚ ಎಂದು ಅಳತೆ ಹೇಳುವವರ ಧೈರ್ಯ ದೊಡ್ಡದು.

ಮೀರಿದರೆ ಆಗುವುದೇನು? ಮೊದಲು ಹೊಟ್ಟೆ ತೊಳಸು, ವಾಂತಿ, ಭೇದಿ. ಆಮೇಲೆ ನಾಡಿ ಇಳಿಯುತ್ತದೆ, ಲಯ ತಪ್ಪುತ್ತದೆ, ಹೃದಯ ನಿಲ್ಲಲೂಬಹುದು. ವಾಂತಿಯೇ ಮನುಷ್ಯನಿಗೆ ಸ್ವಲ್ಪ ರಕ್ಷಣೆ. ಇಲಿಗೆ ಆ ಭಾಗ್ಯವಿಲ್ಲ, ಅದಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಮೆಡಿಟರೇನಿಯನ್ನಿನ ಕೆಂಪು ಸ್ಕ್ವಿಲ್ ಇಲಿಪಾಷಾಣವಾಗಿ ಲೋಕವೆಲ್ಲ ಮಾರಾಟವಾದದ್ದು ಇದೇ ಕಾರಣಕ್ಕೆ. ಬೆಕ್ಕು, ನಾಯಿ ತಿಂದರೆ ಕಕ್ಕಿ ಬದುಕುತ್ತವೆ, ಇಲಿ ಸಾಯುತ್ತದೆ ಎಂಬುದು ಲೆಕ್ಕಾಚಾರ.

ಇಲಿಯ ಮಾತು ಬಂದದ್ದರಿಂದ ಇನ್ನೊಂದನ್ನೂ ಇಲ್ಲೇ ಹೇಳಬೇಕು. ಕಾಡೀರುಳ್ಳಿಯಿಂದ ಕ್ಯಾನ್ಸರಿಗೆ ಮದ್ದು ಎಂಬ ಸುದ್ದಿ ಆಗಾಗ ಓಡಾಡುತ್ತದೆ. ಅದರ ಹಿಂದೆ ಪ್ರಯೋಗಗಳಿರುವುದು ನಿಜ: ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು ಪ್ರೊಸಿಲ್ಲರಿಡಿನ್ ಕೊಲ್ಲುತ್ತದೆ. ಅದೇ ಕೋಶಗಳನ್ನು ಇಲಿಯ ಮೈಯಲ್ಲಿ ನೆಟ್ಟು ಇಂಥ ಗ್ಲೈಕೊಸೈಡು ಕೊಟ್ಟರೆ ಗಡ್ಡೆ ಕುಗ್ಗಿ ಇಲಿ ಆರಾಮಾಗಿರುತ್ತದೆ. ಆದರೆ ಇಲಿಯ ಜೀವಕೋಶದ ಪಂಪಿನ ರಚನೆ ನಮ್ಮದಕ್ಕಿಂತ ಬೇರೆ. ಕೆಂಪು ಸ್ಕ್ವಿಲ್ಲಿನ ಸಿಲ್ಲಿರೋಸೈಡಿನಂಥ ಅಪವಾದ ಬಿಟ್ಟರೆ, ಈ ಜಾತಿಯ ವಿಷಗಳನ್ನು ಅದು ನಮಗಿಂತ ಎಷ್ಟೋ ಪಟ್ಟು ತಾಳಿಕೊಳ್ಳುತ್ತದೆ. ಮನುಷ್ಯನ ಕೋಶ ಸತ್ತಿತು, ಇಲಿ ಉಳಿಯಿತು ಎಂದರೆ ಕ್ಯಾನ್ಸರ್ ಸೋತಿತು ಎಂದಾಗುವುದಿಲ್ಲ. ಮನುಷ್ಯನ ಕೋಶ ಈ ವಿಷಕ್ಕೆ ಬೇಗ ಸಾಯುತ್ತದೆ ಎಂದಷ್ಟೇ ಆಗುತ್ತದೆ. ಆ ಪ್ರಮಾಣವನ್ನು ರೋಗಿಗೆ ಕೊಟ್ಟರೆ ಗಡ್ಡೆಗಿಂತ ಮೊದಲು ಹೃದಯ ನಿಲ್ಲಬಹುದು. ಸಂಶೋಧನೆ ನಡೆಯಲಿ, ನಡೆಯಬೇಕು. ಅದನ್ನು ಮದ್ದೆಂದು ಇವತ್ತೇ ಸಾರುವುದು ತಪ್ಪು.

ನಿಜವಾದ ಕಾಡು ಈರುಳ್ಳಿಗಳೂ ಲೋಕದಲ್ಲಿ ಬೇಕಾದಷ್ಟಿವೆ. ಅಲಿಯಂ ಕುಲದಲ್ಲಿ 900ಕ್ಕೂ ಹೆಚ್ಚು ಜಾತಿ. ಭಾರತದವು ಬಹುತೇಕ ಹಿಮಾಲಯದಲ್ಲಿ, ಈಶಾನ್ಯದಲ್ಲಿ. ಉತ್ತರಾಖಂಡದ ಬೆಟ್ಟದವರು ಬೇಳೆಸಾರಿಗೆ ಒಗ್ಗರಣೆ ಹಾಕುವ ಜಂಬೂ ಅಂಥ ಒಂದು ಕಾಡು ಈರುಳ್ಳಿಯ ಒಣ ಎಲೆ. ಮಣಿಪುರದವರ ‘ಮರೊಯ್ ನಪಾಕ್ಪಿ’ ಇನ್ನೊಂದು, ಅಗಲ ಎಲೆಯ ಅಲಿಯಂ ಹೂಕೆರಿ. ಕಮ್ಮನಹಳ್ಳಿ, ಕೆ.ಆರ್.ಪುರದ ಕಡೆ ನೆಲೆಸಿರುವ ಈಶಾನ್ಯದ ಹುಡುಗ ಹುಡುಗಿಯರನ್ನು ಕೇಳಿ ನೋಡಿ, ಊರಿಂದ ಬರುವ ಗಂಟಿನಲ್ಲಿ ಅದಕ್ಕೆ ಜಾಗ ಇದ್ದೇ ಇರುತ್ತದೆ. ಬರ್ಮಾದಿಂದ ಕೊರಿಯಾಕ್ಕೆ ಹೋದ ಇದೇ ಗಿಡ ಅಲ್ಲಿ ‘ಸಮ್‌ಚೆ’ ಎಂಬ ಹೆಸರಲ್ಲಿ ಬೆಳೆಯಾಗಿ ಆರೋಗ್ಯದ ಆಹಾರವೆನಿಸಿದೆ. ಉರಿಯೂತ, ಸಕ್ಕರೆ ಕಾಯಿಲೆಗೆ ಸಂಬಂಧಿಸಿ ಇಲಿಗಳ ಮೇಲೆ ಪ್ರಯೋಗಗಳೂ ನಡೆದಿವೆ. ಮನುಷ್ಯರ ಮೇಲಿನ ಗಟ್ಟಿ ಪುರಾವೆ ಅಲಿಯಂ ಕುಲದಲ್ಲಿ ಇರುವುದು ಹೆಚ್ಚಾಗಿ ಬೆಳ್ಳುಳ್ಳಿಗೆ. ರಕ್ತದೊತ್ತಡ ಇದ್ದವರಲ್ಲಿ ಅದು ಒತ್ತಡವನ್ನು ಸ್ವಲ್ಪ ಇಳಿಸುತ್ತದೆ. ಸ್ವಲ್ಪ ಎಂಬ ಮಾತನ್ನು ಬಿಟ್ಟು ಓದಬಾರದು. ಇಂದಿರಾನಗರದ ನೂರಡಿ ರಸ್ತೆಯ ಔಷಧ ಅಂಗಡಿಯಿಂದ ಬೆಳ್ಳುಳ್ಳಿ ಕ್ಯಾಪ್ಸೂಲ್ ತರುವವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ.

ಊಟದ ಈರುಳ್ಳಿಯ ಮಟ್ಟಿಗೆ ನಮ್ಮ ಪೂರ್ವ ದಿಕ್ಕೇ ಶ್ರೀಮಂತ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆದು ಚೆನ್ನೈ ಬಂದರಿನ ಮೂಲಕ ಮಲೇಷ್ಯಾ, ಸಿಂಗಪುರಕ್ಕೆ ಹೋಗುವ ಬೆಂಗಳೂರು ಗುಲಾಬಿ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರ ಕೆಂಪು ಬಣ್ಣ ಆಂಥೊಸಯನಿನ್ನಿನದು. ಕೆಂಪು ಈರುಳ್ಳಿಯ ಹೊರಪದರಗಳಲ್ಲಿ ಕ್ವೆರ್ಸೆಟಿನ್ನೂ ಹೆಚ್ಚು. ಸಿಪ್ಪೆಯ ಜೊತೆ ಎರಡು ಪದರ ಕಿತ್ತೆಸೆಯುವ ಅಭ್ಯಾಸ ಬಿಟ್ಟರೆ ಒಳ್ಳೆಯದು. ಇಷ್ಟು ಘಾಟಿನ ಗುಲಾಬಿ ಈರುಳ್ಳಿಯನ್ನು ನಾವು ಬೆಳೆಯುತ್ತೇವೆ, ತಿನ್ನುವವರು ಹೊರದೇಶದವರು. ಅದು ಬೇರೆಯೇ ಲೇಖನದ ವಿಷಯ.

ಕಾಡೀರುಳ್ಳಿಗೆ ಮರಳುತ್ತೇನೆ. ಹಳ್ಳಿಗಳಲ್ಲಿ ಇದರ ದೊಡ್ಡ ಬಳಕೆ ಹೊರಗಿನದು: ಅಂಗಾಲಿನ ಆಣಿಗೆ. ಕೆಂಡದಲ್ಲಿ ಸುಟ್ಟು, ಹೋಳು ಮಾಡಿ, ಬೆಚ್ಚಗಿರುವಾಗಲೇ ಆಣಿಯ ಮೇಲೆ ಒತ್ತಿ ಕಟ್ಟುವುದು. ಅಂಗಾಲಿನ ದಪ್ಪ ಚರ್ಮ ದಾಟಿ ಹೃದಯಕ್ಕೆ ಹೋಗುವಷ್ಟು ವಿಷ ಅಲ್ಲಿಂದ ಇಳಿಯುವುದು ಕಷ್ಟ. ಶಾಖಕ್ಕೂ ರಸಕ್ಕೂ ಗಟ್ಟಿ ಚರ್ಮ ಮೆತ್ತಗಾಗುತ್ತದೆ. ನಾಡಮದ್ದುಗಳಲ್ಲಿ ಬಲ್ಲವರ ಕೈಯಲ್ಲಿ ಇದು ತಕ್ಕಮಟ್ಟಿಗೆ ಸುರಕ್ಷಿತ. ಸಕ್ಕರೆ ಕಾಯಿಲೆಯವರು ಮಾತ್ರ ಇದರ ಹತ್ತಿರ ಸುಳಿಯಬಾರದು. ಕಾಲಿನ ಸ್ಪರ್ಶಜ್ಞಾನ ಹೋದವರಿಗೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ; ಬೊಬ್ಬೆ ಎದ್ದು, ಹುಣ್ಣಾಗಿ, ಬೆರಳೇ ಹೋಗಬಹುದು.

ನಗರದಲ್ಲಿ ಈಗ ಕಾಡುಸೊಪ್ಪು ಹುಡುಕುವ ನಡಿಗೆಗಳು ಜನಪ್ರಿಯವಾಗಿವೆ. ಒಳ್ಳೆಯದೇ; ಗಣಿಕೆ, ಹೊನಗೊನ್ನೆ, ಅಣ್ಣೆ ಸೊಪ್ಪು ಮರೆತವರು ಮತ್ತೆ ಕಲಿಯುತ್ತಿದ್ದಾರೆ. ಸೊಪ್ಪು ಕಲಿತಷ್ಟೇ ಸಲೀಸಾಗಿ ಗೆಡ್ಡೆ ಕಲಿಯಲು ಹೋಗಬಾರದೆಂದು ನನ್ನ ವಾದ. ಕಾಡೀರುಳ್ಳಿ ಬೇಸಗೆಯಲ್ಲಿ ಎಲೆಯೇ ಇಲ್ಲದೆ ಬರೀ ಹೂದಂಟು ಎತ್ತುತ್ತದೆ. ಎಲೆ ಬರುವುದು ಮಳೆ ಬಿದ್ದ ಮೇಲೆ, ಆಗ ಹೂ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡದ ಹೊಸಬರಿಗೆ ಗುರುತು ಹತ್ತುವುದಾದರೂ ಹೇಗೆ? ಇಂದಿರಾನಗರದ ಕುಂಡಗಳಲ್ಲಿ ಮಳೆ ಬಂದ ಮರುದಿನ ಅರಳುವ ಮಳೆಲಿಲ್ಲಿಯ ಗೆಡ್ಡೆಯೂ ಸಣ್ಣ ಈರುಳ್ಳಿಯಂತೆಯೇ ಇದೆ, ಅದೂ ವಿಷವೇ. ಅಮೆರಿಕದಲ್ಲಿ ತಿನ್ನುವ ಕಾಡು ಈರುಳ್ಳಿಯ ನಡುವೆಯೇ ಡೆತ್ ಕ್ಯಾಮಸ್ ಎಂಬ ವಾಸನೆಯಿಲ್ಲದ ವಿಷದ ಗೆಡ್ಡೆ ಬೆಳೆಯುತ್ತದೆ. ಅಲ್ಲಿನವರು ಮಕ್ಕಳಿಗೆ ಹೇಳಿಕೊಡುವ ಪಾಠವೇ, ಈರುಳ್ಳಿಯ ವಾಸನೆ ಇಲ್ಲದ್ದನ್ನು ಬಾಯಿಗೆ ಹಾಕಬೇಡ ಎಂಬುದು. ವಾಸನೆ ಇದ್ದ ಮಾತ್ರಕ್ಕೆ ತಿನ್ನಬಹುದು ಎಂದು ಅದನ್ನು ತಿರುಗಿಸಿ ಓದಬಾರದು. ಒಂದು ಈರುಳ್ಳಿ ಮುಟ್ಟಿದ ಕೈ ಮುಂದೆ ಮುಟ್ಟಿದ್ದಕ್ಕೆಲ್ಲ ವಾಸನೆ ಹತ್ತಿಸುತ್ತದೆ.

ಗಿಡದ ಕಡೆಯಿಂದಲೂ ಒಂದು ಮಾತಿದೆ. ಸೊಪ್ಪು ಚಿವುಟಿದರೆ ಗಿಡ ಮತ್ತೆ ಚಿಗುರುತ್ತದೆ, ಗೆಡ್ಡೆ ಅಗೆದರೆ ಅಲ್ಲಿಗೆ ಮುಗಿಯಿತು. ಕಾಡೀರುಳ್ಳಿ, ಲೆಡಿಬೂರಿಯಾಗಳಂಥವಕ್ಕೆ ಬೇಕಾದದ್ದು ಮರಗಳ ತೋಪಲ್ಲ, ಬಿಸಿಲು ಬೀಳುವ ಹುಲ್ಲುನೆಲ, ಕಲ್ಲು ಬಯಲು. ಬೆಂಗಳೂರಿನ ಸುತ್ತ ಅಂಥ ಜಾಗವನ್ನು ‘ಖಾಲಿ ಜಾಗ’ ಎಂದು ಕರೆದು ಲೇಔಟು ಮಾಡುವುದು ರೂಢಿ, ಇಲ್ಲವಾದರೆ ಸಸಿ ನೆಟ್ಟು ಹಸಿರು ಮಾಡಿದೆವೆನ್ನುವುದು. ಎಸ್.ವಿ. ರಾಮಸ್ವಾಮಿ ಮತ್ತು ಬಿ.ಎ. ರಜಿ 1973ರಲ್ಲಿ ಬೆಂಗಳೂರು ಜಿಲ್ಲೆಯ ಸಸ್ಯಗಳ ಪುಸ್ತಕ ತಂದಾಗ ಕೆ.ಆರ್.ಪುರದಾಚೆ ಹೊಲ, ಕೆರೆ, ಗೋಮಾಳಗಳಿದ್ದವು. ಈಗ ಅಲ್ಲಿರುವುದು ಮೆಟ್ರೊ ಕಂಬ, ಟೆಕ್ ಪಾರ್ಕು. ಉಳಿದ ಗುಡ್ಡಗಳಲ್ಲಾದರೂ ಈ ಗೆಡ್ಡೆ ನೆಲದೊಳಗೇ ಇರಲಿ.

ಕೊನೆಗೆ, ಓದುಗರಲ್ಲಿ ಒಂದು ವಿನಂತಿ. ಯುನಾನಿ ಅಥವಾ ಆಯುರ್ವೇದದ ಚಿಕಿತ್ಸೆ ಬೇಕಾದವರು ನೋಂದಾಯಿತ ವೈದ್ಯರ ಕೈಯಿಂದಲೇ ತೆಗೆದುಕೊಳ್ಳಿ, ಡಿಗಾಕ್ಸಿನ್ ಅಥವಾ ಮೂತ್ರ ಹೋಗಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನು ಅವರಿಗೆ ಮೊದಲೇ ಹೇಳಿ. ಯಾರಾದರೂ ಈರುಳ್ಳಿಯೆಂದು ತಿಳಿದು ಕಾಡುಗೆಡ್ಡೆ ತಿಂದು ವಾಂತಿ ಮಾಡತೊಡಗಿದರೆ ಉಪ್ಪುನೀರು, ಮಜ್ಜಿಗೆ ಎಂದು ಮನೆಯಲ್ಲಿ ಹೊತ್ತು ಕಳೆಯಬೇಡಿ. ಈ ವಿಷಕ್ಕೆ ಬಳಸುವ ಪ್ರತಿವಿಷ ದುಬಾರಿ, ನಮ್ಮಲ್ಲಿ ಸುಲಭವಾಗಿ ಸಿಗುವುದೂ ಇಲ್ಲ. ಇಸಿಜಿ ನೋಡಿ, ಪೊಟ್ಯಾಸಿಯಂ ಅಳೆದು, ನಾಡಿ ಕಾಯುವ ಆಸ್ಪತ್ರೆಗೆ ಬೇಗ ಸೇರಿಸುವುದೇ ದಾರಿ. 108ಕ್ಕೆ ಕರೆ ಮಾಡಿ. ಉಳಿದ ಗೆಡ್ಡೆಯನ್ನು ಎಸೆಯದೆ, ಎಲೆ ಇದ್ದರೆ ಎಲೆ ಸಮೇತ, ಒಂದು ಕವರಿನಲ್ಲಿ ಹಾಕಿಕೊಂಡು ಜೊತೆಗೆ ಒಯ್ಯಿರಿ.